ಕಿರ್ದಿ ಇಲ್ಲದ ಡಿಸ್ಕು

ಹೊಸ ಹಾರ್ಡ್ ಡಿಸ್ಕ್ ತಂದು ಫಾರ್ಮ್ಯಾಟ್ ಒತ್ತಿದಾಗ ಒಂದು ಸಣ್ಣ ಪೆಟ್ಟಿಗೆ ತೆರೆದುಕೊಳ್ಳುತ್ತಲ್ಲ, ಅದರಲ್ಲಿ ‘ಫೈಲ್ ಸಿಸ್ಟಮ್’ ಅಂತ ಒಂದು ಸಾಲು ಇರುತ್ತೆ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಚಿಕ್ಕ ಪೆನ್‌ಡ್ರೈವ್ ಆದರೆ ಫ್ಯಾಟ್32. ಹೆಚ್ಚಿನವರು ಅದನ್ನು ಓದಲ್ಲ. ನಾನೂ ಓದ್ತಿರಲಿಲ್ಲ, ಕಳೆದ ವರ್ಷ ತಾತನ ಮಾತು ಕಳ್ಕೊಳ್ಳೋವರೆಗೆ.

ನಮ್ಮ ತಾತ ತಿಪಟೂರು ಕಡೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೀತಿದ್ದವರು. ಅವರನ್ನು ಕೂರಿಸಿಕೊಂಡು ಸುಮಾರು ಮೂರು ಗಂಟೆ ಮಾತಾಡಿಸಿ ವಿಡಿಯೊ ಮಾಡಿದ್ದೆ. ಪೆನ್‌ಡ್ರೈವ್‌ಗೆ ಹಾಕೋಕೆ ಹೋದರೆ ‘ಫೈಲ್ ತುಂಬಾ ದೊಡ್ಡದು’ ಅಂತು. ಜಾಗ ಬೇಕಾದಷ್ಟು ಖಾಲಿ ಇತ್ತು! ಸರಿ ಅಂತ ಎಕ್ಸ್‌ಫ್ಯಾಟ್ ಇದ್ದ ಹೊರಗಿನ ಡಿಸ್ಕ್‌ಗೆ ಹಾಕಿದೆ, ಅದರ ಮೇಲೇ ಎಡಿಟ್ ಮಾಡ್ತಾ ಕೂತೆ. ಕರೆಂಟು ಹೋಯ್ತು. ಬಂದ ಮೇಲೆ ಡಿಸ್ಕ್ ತೆರೆದರೆ, ‘ಮೊದಲು ಫಾರ್ಮ್ಯಾಟ್ ಮಾಡಿ’ ಅನ್ನುತ್ತೆ. ಇನ್ನೊಂದು ಪ್ರತಿ ಇಟ್ಟಿರಲಿಲ್ಲ, ಅದು ನನ್ನ ತಪ್ಪೇ. ಅಂಗಡಿಯವರು ತೆಗೆದುಕೊಟ್ಟಿದ್ದು ನಲವತ್ತು ನಿಮಿಷ ಮಾತ್ರ. ಇನ್ನೊಮ್ಮೆ ಕೇಳೋಣ ಅಂದರೆ ಅಷ್ಟರಲ್ಲಿ ತಾತನೇ ಇರಲಿಲ್ಲ.

ಆಮೇಲೆ ಈ ಹೆಸರುಗಳ ಹಿಂದೆ ಬಿದ್ದೆ. ಸಿಕ್ಕಿದ್ದು ಸುಮಾರು ಐವತ್ತು ವರ್ಷದ ಕಥೆ.

ಫೈಲ್ ಸಿಸ್ಟಮ್ ಅಂದರೆ ಡಿಸ್ಕಿನ ಲೆಕ್ಕದ ಪುಸ್ತಕ. ಡಿಸ್ಕಿನ ಜಾಗವನ್ನು ಸಣ್ಣ ಸಣ್ಣ ತುಂಡು ಮಾಡಿರ್ತಾರೆ. ಯಾವ ಫೈಲು ಯಾವ ತುಂಡಿನಲ್ಲಿ ಶುರು, ಮುಂದಿನದು ಎಲ್ಲಿ, ಯಾವುದು ಖಾಲಿ ಅನ್ನೋದನ್ನು ಒಂದು ಪಟ್ಟಿಯಲ್ಲಿ ಬರೆದಿಡಬೇಕು. ಆ ಪಟ್ಟಿಯೇ ಫೈಲ್ ಅಲೊಕೇಶನ್ ಟೇಬಲ್, ಅಂದರೆ ಫ್ಯಾಟ್. 1977ರ ಹೊತ್ತಿಗೆ ಮೈಕ್ರೋಸಾಫ್ಟ್‌ನ ಮಾರ್ಕ್ ಮ್ಯಾಕ್‌ಡೊನಾಲ್ಡ್ ಇದನ್ನು ಮೊದಲು ಬರೆದಿದ್ದು ಫ್ಲಾಪಿಗಳಿಗಾಗಿ. 1980ರಲ್ಲಿ ಟಿಮ್ ಪ್ಯಾಟರ್ಸನ್ ಇದೇ ಉಪಾಯವನ್ನು ತಮ್ಮ 86-ಡಾಸ್‌ಗೆ ತಗೊಂಡರು. ಆ ಡಾಸನ್ನು ಮೈಕ್ರೋಸಾಫ್ಟ್ ಕೊಂಡಿತು, 1981ರಲ್ಲಿ ಐಬಿಎಂ ಪಿಸಿ ಜೊತೆ ಅದು ಲೋಕಕ್ಕೆಲ್ಲ ಹರಡಿತು. ಆಗಿನ ಫ್ಲಾಪಿ 160 ಕೆಬಿ. ನಾವು ವಾಟ್ಸ್ಆ್ಯಪ್‌ನಲ್ಲಿ ಕಳಿಸೋ ಒಂದು ಫೋಟೊ ಹಿಡಿದರೆ ಹೆಚ್ಚು!

ಅಷ್ಟು ಚಿಕ್ಕ ಜಾಗಕ್ಕೆ ಅಷ್ಟೇ ಚಿಕ್ಕ ಲೆಕ್ಕ ಸಾಕಾಗಿತ್ತು. ಡಿಸ್ಕ್ ಬೆಳೆದ ಹಾಗೆ ಪುಸ್ತಕಕ್ಕೆ ಹೊಸ ಹಾಳೆ ಅಂಟಿಸ್ತಾ ಹೋದರು. ತುಂಡುಗಳಿಗೆ ಕೊಡೋ ನಂಬರು ಡಾಸ್‌ನಲ್ಲಿ ಮೊದಲು 12 ಬಿಟ್, ಆಮೇಲೆ 16, 1996ರಲ್ಲಿ ವಿಂಡೋಸ್ 95ರ ಎರಡನೇ ಆವೃತ್ತಿಯೊಂದಿಗೆ 32. ಈ ಫ್ಯಾಟ್32ರಲ್ಲಿ ಫೈಲಿನ ಗಾತ್ರ ಬರೆಯೋ ಅಂಕಣಕ್ಕೂ 32 ಬಿಟ್ ಮಾತ್ರ. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,294,967,295. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ನನ್ನ ಪೆನ್‌ಡ್ರೈವ್ ತಾತನ ವಿಡಿಯೊ ಬೇಡ ಅಂದಿದ್ದು ಇದಕ್ಕೇ. ಜಾಗ ಇತ್ತು, ಮೊತ್ತ ಬರೆಯೋಕೆ ಅಂಕಣ ಸಾಲಲಿಲ್ಲ.

ಇನ್ನೊಂದು ಮಜಾ ಕೇಳಿ. ವಿಂಡೋಸ್‌ನ ಆ ಫಾರ್ಮ್ಯಾಟ್ ಪೆಟ್ಟಿಗೆಯಲ್ಲಿ 32 ಜಿಬಿಗಿಂತ ದೊಡ್ಡ ಡಿಸ್ಕ್‌ಗೆ ಫ್ಯಾಟ್32 ಆಯ್ಕೆಯೇ ಬರ್ತಿರಲಿಲ್ಲ. ಫ್ಯಾಟ್32ಕ್ಕೆ ಅಂಥ ಮಿತಿ ಇಲ್ಲ. 1994ರ ಕೊನೆಯಲ್ಲಿ ಒಂದು ಗುರುವಾರ, ಸದ್ಯಕ್ಕೆ ಇರಲಿ ಅಂತ ಆ ಪೆಟ್ಟಿಗೆ ಮಾಡಿದ್ದು, 32 ಜಿಬಿ ಮಿತಿಯನ್ನೂ ಆಗಲೇ ತೀರ್ಮಾನಿಸಿದ್ದು ತಾನೇ ಅಂತ ಆಗ ಮೈಕ್ರೋಸಾಫ್ಟ್‌ನಲ್ಲಿದ್ದ ಡೇವ್ ಪ್ಲಮ್ಮರ್ ಹೇಳಿಕೊಂಡಿದ್ದಾರೆ. 2024ರಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯಲ್ಲಿ ಕಮಾಂಡ್ ಮೂಲಕ 2 ಟಿಬಿವರೆಗೆ ಬಿಟ್ಟರು. ನಮ್ಮ ಕಚೇರಿಗಳಲ್ಲಿ ‘ತಾತ್ಕಾಲಿಕ’ ಬೋರ್ಡು ನೋಡಿದವರಿಗೆ ಇದೇನು ಆಶ್ಚರ್ಯ ಅಲ್ಲ.

ಈಗ ಎನ್‌ಟಿಎಫ್‌ಎಸ್. 1993ರಲ್ಲಿ ವಿಂಡೋಸ್ ಎನ್‌ಟಿ 3.1ರ ಜೊತೆ ಬಂತು. ಇದು ಮನೆಗಲ್ಲ, ಕಂಪನಿಗಳಿಗೆ ಮಾಡಿದ್ದು. ಇಲ್ಲಿ ನನ್ನ ಬಿ.ಕಾಂ. ಕೆಲಸಕ್ಕೆ ಬಂತು ನೋಡಿ, ಯಾಕಂದ್ರೆ ಇದರ ಮುಖ್ಯ ಗುಣದ ಹೆಸರೇ ಜರ್ನಲಿಂಗ್. ತಾತ ಸೊಸೈಟಿಯಲ್ಲಿ ಯಾವ ವ್ಯವಹಾರವನ್ನೂ ನೇರ ಖಾತೆಗೆ ಏರಿಸ್ತಿರಲಿಲ್ಲ. ಮೊದಲು ಕಿರ್ದಿ, ಆಮೇಲೆ ಖಾತೆ. ಖಾತೆ ಬರೆಯುವಾಗ ಯಾರೋ ಕರೆದು ಎದ್ದು ಹೋದರೂ, ಬಂದು ಕಿರ್ದಿ ನೋಡಿದರೆ ಎಲ್ಲಿಗೆ ನಿಂತಿತ್ತು ಅಂತ ಗೊತ್ತಾಗ್ತಿತ್ತು. ಎನ್‌ಟಿಎಫ್‌ಎಸ್ ಮಾಡೋದೂ ಅದನ್ನೇ. ಪಟ್ಟಿ ತಿದ್ದೋ ಮೊದಲು ‘ಹೀಗೆ ತಿದ್ದುತ್ತೇನೆ’ ಅಂತ ಒಂದು ಕಡೆ ಬರೆದಿಡುತ್ತೆ. ಮಧ್ಯೆ ಕರೆಂಟು ಹೋದರೆ, ಮತ್ತೆ ಶುರುವಾದಾಗ ಆ ಬರಹ ನೋಡಿ ಪೂರ್ತಿ ಮಾಡುತ್ತೆ, ಇಲ್ಲಾ ಹಿಂದಕ್ಕೆ ತಗೊಳ್ಳುತ್ತೆ. ಒಂದು ಮಾತು ಸೇರಿಸಬೇಕು: ಅದು ಕಾಯೋದು ಪಟ್ಟಿಯನ್ನು. ಅರ್ಧ ಬರೆದ ಫೈಲಿನ ಒಳಗಿನ ಸರಕು ಹೋದರೆ ಹೋಯ್ತು.

ಹಾಗಾದರೆ 2006ರಲ್ಲಿ ಎಕ್ಸ್‌ಫ್ಯಾಟ್ ಯಾಕೆ ಬಂತು? ಕ್ಯಾಮೆರಾ, ಮೆಮೊರಿ ಕಾರ್ಡ್‌ನಂಥ ಸಣ್ಣ ಯಂತ್ರಗಳಿಗೆ ಎನ್‌ಟಿಎಫ್‌ಎಸ್ ಭಾರ, ಫ್ಯಾಟ್32ಕ್ಕೆ 4 ಜಿಬಿ ಗೋಡೆ. ಎಕ್ಸ್‌ಫ್ಯಾಟ್ ಆ ಗೋಡೆ ಒಡೀತು. 2009ರಲ್ಲಿ 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳಿಗೆ ಅದೇ ನಿಯಮವಾಯಿತು. ಆದರೆ ಅದರಲ್ಲಿ ಕಿರ್ದಿ ಇಲ್ಲ. ಹಳೆ ಫ್ಯಾಟ್‌ನಲ್ಲಿ ಪಟ್ಟಿಯ ಎರಡು ಪ್ರತಿಯಾದರೂ ಇರ್ತಿತ್ತು, ಇಲ್ಲಿ ಸಾಮಾನ್ಯವಾಗಿ ಒಂದೇ. ಪೇಟೆಂಟ್ ತಕರಾರೂ ಇತ್ತು. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಣೆಯನ್ನು ಬಹಿರಂಗ ಮಾಡಿದ ಮೇಲೆ ಲಿನಕ್ಸ್ ಒಳಗೂ ಬಂತು.

ಅಂದರೆ ನನ್ನ ಡಿಸ್ಕ್ ಕೆಟ್ಟದ್ದೇನಲ್ಲ. ಊರೂರು ತಿರುಗೋ ಕಾರ್ಡ್‌ಗೆ ಮಾಡಿದ್ದನ್ನು ನಾನು ಮನೆಯ ತಿಜೋರಿ ಮಾಡ್ಕೊಂಡಿದ್ದೆ.

ಈಗ ಹೊಸ ಡಿಸ್ಕ್ ತಂದಿದ್ದೇನೆ. ನಂದು ವಿಂಡೋಸ್ ಕಂಪ್ಯೂಟರ್, ಡಿಸ್ಕ್ ಮನೆ ಬಿಟ್ಟು ಹೋಗಲ್ಲ, ಆದ್ದರಿಂದ ಎನ್‌ಟಿಎಫ್‌ಎಸ್. ಎಡಿಟ್ ಮಾಡಿಕೊಡೋ ಸ್ನೇಹಿತನ ಹತ್ತಿರ ಮ್ಯಾಕ್ ಇದೆ. ಮ್ಯಾಕ್ ಎನ್‌ಟಿಎಫ್‌ಎಸ್ ಓದುತ್ತೆ, ಬರೆಯೋಕೆ ಬೇರೆ ತಂತ್ರಾಂಶ ಬೇಕು. ಅವನಿಗೆ ಕಳಿಸೋಕೆ ಒಂದು ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಇಟ್ಟಿದ್ದೇನೆ, ಅದರಲ್ಲಿ ಇರೋದೆಲ್ಲ ನಕಲು, ಎಡಿಟ್ ಅದರ ಮೇಲೆ ಮಾಡಲ್ಲ. ಎರಡನೇ ಪ್ರತಿ ಅಕ್ಕನ ಮನೆಯ ಡಿಸ್ಕ್‌ನಲ್ಲಿ.

ಆ ನಲವತ್ತು ನಿಮಿಷದಲ್ಲಿ ತಾತ ಹೆಚ್ಚಾಗಿ ಕೊಬ್ಬರಿ ರೇಟಿನ ಬಗ್ಗೆಯೇ ಮಾತಾಡಿದ್ದಾರೆ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಕೇಳಿಸ್ತೀನಿ.