ಸುಣ್ಣ ಕಟ್ಟಿದ ಬಾಗಿಲು

ಹೃದಯದಿಂದ ಮೈಗೆಲ್ಲ ರಕ್ತ ಹೊರಡುವಲ್ಲಿ ಮೂರು ದಳದ ಪುಟ್ಟ ಬಾಗಿಲಿದೆ; ಮಹಾಪಧಮನಿಯ ಕವಾಟ ಅದು. ವಯಸ್ಸಾದಂತೆ ಕೆಲವರಲ್ಲಿ ಅದಕ್ಕೆ ಸುಣ್ಣ ಕಟ್ಟುತ್ತದೆ, ಬಚ್ಚಲ ಹಂಡೆಗೆ ಗಡಸು ನೀರು ಕಟ್ಟಿದ ಹಾಗೆ. ಹೋಲಿಕೆ ಸುಲಭ, ಪೂರ್ತಿ ಸರಿಯಲ್ಲ. ಕವಾಟದ ಜೀವಕೋಶಗಳೇ ಮೂಳೆಯ ಕೋಶಗಳಂತೆ ವರ್ತಿಸತೊಡಗುತ್ತವೆ ಎಂದು ಈಗ ತಿಳಿದಿದೆ. ಹುಟ್ಟಿನಿಂದ ಎರಡೇ ದಳವಿದ್ದವರಿಗೆ ಇದು ಬೇಗ ಬರುತ್ತದೆ. ಹಾಲು ಮೊಸರು ತಿಂದು ಬರುವುದಲ್ಲ. ನಮ್ಮತ್ತೆ ಪಾಪ, ಆ ಭಯಕ್ಕೆ ವರ್ಷಗಟ್ಟಲೆ ಮೊಸರು ಬಿಟ್ಟಿದ್ದರು.

ಕರಗಿಸುವ ಮಾತ್ರೆ ಇಂದಿಗೂ ಇಲ್ಲ. ಎದೆ ತೆರೆದು ಹೃದಯದೊಳಗೇ ಕೃತಕ ಕವಾಟ ಕೂರಿಸುವುದು ಅಮೆರಿಕದಲ್ಲಿ 1960ರಲ್ಲಿ ಕೈಗೂಡಿತು. ನಮ್ಮ ದೇಶದ್ದೇ ಕವಾಟಕ್ಕೆ ಮತ್ತೆ 30 ವರ್ಷ ಬೇಕಾಯಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಬಳಗದ ಮೂರು ಮಾದರಿಗಳು ಸೋತವು. ನಾಲ್ಕನೆಯದು 1990ರ ಡಿಸೆಂಬರಿನಲ್ಲಿ ರೋಗಿಯ ಎದೆ ಸೇರಿತು. ಆಮೇಲೆ ಮಣಿಪಾಲಕ್ಕೆ ಕುಲಪತಿಯಾಗಿ ಬಂದವರು ಇವರೇ.

ಎದೆ ತೆರೆಸಿಕೊಳ್ಳಲಾರದ ವೃದ್ಧರ ಗತಿ? ಫ್ರಾನ್ಸಿನ ರೂಅನ್ ಊರಿನ ಅಲೆನ್ ಕ್ರಿಬಿಯೇ 1985ರಲ್ಲಿ ಕವಾಟದೊಳಗೆ ಬಲೂನು ಉಬ್ಬಿಸಿದರು. ಬಾಗಿಲು ತೆರೆಯಿತು, ತಿಂಗಳುಗಳಲ್ಲಿ ಮತ್ತೆ ಬಿಗಿಯಿತು. ಹಾಗಾದರೆ ಜಾಲರಿಯಲ್ಲಿ ಮಡಿಸಿದ ಕವಾಟವನ್ನೇ ರಕ್ತನಾಳದೊಳಗೆ ಸಾಗಿಸಿದರೆ? ಆಗದ ಮಾತೆಂದವರೇ ಹೆಚ್ಚು. 2002ರ ಏಪ್ರಿಲ್ 16ರಂದು, ಶಸ್ತ್ರವೈದ್ಯರು ಕೈಬಿಟ್ಟಿದ್ದ 57 ವರ್ಷದ ರೋಗಿಗೆ ಅದನ್ನು ಮಾಡಿಯೇಬಿಟ್ಟರು. ಆತ ಕೆಲವು ತಿಂಗಳಲ್ಲಿ ಬೇರೆ ತೊಂದರೆಯಿಂದ ತೀರಿಕೊಂಡ. ದಾರಿ ಮಾತ್ರ ತೆರೆದಿತ್ತು. ಈಗ ಬೆಂಗಳೂರಿನಲ್ಲೂ ಮಾಡುತ್ತಾರೆ, ಖರ್ಚು ಲಕ್ಷಗಳಲ್ಲಿ.

ಮೆಟ್ಟಿಲೇರುವಾಗ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು: 'ವಯಸ್ಸಾಯ್ತಲ್ಲ' ಎಂದು ನಮ್ಮ ಹಿರಿಯ ಹೆಂಗಸರು ನುಂಗಿಕೊಳ್ಳುವುದು ಇದನ್ನೇ. ಕವಾಟ ಕಿರಿದಾದ ಸದ್ದು ಬಹಳ ಸಲ ಊರ ಡಾಕ್ಟರರ ಸ್ಟೆತಾಸ್ಕೋಪಿಗೇ ಕೇಳುತ್ತದೆ.