ದಾಭೋಳ ಪ್ರಕರಣವೂ ಬಂಡವಾಳ ರಕ್ಷಣೆಯ ಒಡಂಬಡಿಕೆಗಳೂ

ಕೊಂಕಣದ ಗುಹಾಗರ ತಾಲ್ಲೂಕಿನ ಕಡಲತೀರದಲ್ಲಿ ನಿಂತ ದಾಭೋಳ ವಿದ್ಯುದಾಗಾರದ ಹೆಸರು 1990ರ ದಶಕದಲ್ಲಿ ಪುಣೆಯ ಮನೆಮನೆಗೂ ಪರಿಚಿತವಾಗಿದ್ದಿತು. ಬಿಬವೇವಾಡಿಯ ಮನೆಗಳಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದ ಮಹಾರಾಷ್ಟ್ರ ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯೇ ಆ ಆಗಾರದ ಏಕೈಕ ಗಿರಾಕಿ. ಆದುದರಿಂದ ಆ ಕರಾರಿನ ಹೊರೆ ಕಟ್ಟಕಡೆಗೆ ಇಂತಹ ಬಡಾವಣೆಗಳ ಬಿಲ್ಲುಗಳ ಮೇಲೆಯೇ ಬೀಳತಕ್ಕದ್ದಾಗಿದ್ದಿತು. ಕರಾರಿನ ವಿಷಯ ಸಾಕಷ್ಟು ಚರ್ಚಿತವಾಗಿದೆ; ಅದರ ಬೆನ್ನಿಗೆ ನಿಂತ ಅಂತಾರಾಷ್ಟ್ರೀಯ ಒಡಂಬಡಿಕೆಗಳ ಚರಿತ್ರೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

1993ರ ಡಿಸೆಂಬರಿನಲ್ಲಿ ಮಂಡಳಿಯು ದಾಭೋಳ ಕಂಪನಿಯೊಡನೆ ವಿದ್ಯುತ್ ಖರೀದಿಯ ಕರಾರು ಮಾಡಿಕೊಂಡಿತು. ಕಂಪನಿಯಲ್ಲಿ ಎನ್ರಾನಿನದು ನೂರಕ್ಕೆ 80 ಪಾಲು. ಜನರಲ್ ಎಲೆಕ್ಟ್ರಿಕ್, ಬೆಕ್‌ಟೆಲ್ ಸಂಸ್ಥೆಗಳದು ತಲಾ 10. ವಿದ್ಯುತ್ತನ್ನು ಪಡೆಯಲಿ, ಬಿಡಲಿ, ಸ್ಥಾವರದ ಸಾಮರ್ಥ್ಯಕ್ಕೆ ಮಂಡಳಿಯು ಹಣ ತೆರಲೇಬೇಕು. ರಾಜ್ಯವು ಜಾಮೀನು ನಿಂತಿತು. ಅದಕ್ಕೆ ಕೇಂದ್ರವು ಪ್ರತಿಜಾಮೀನು ನೀಡಿತು. ಶತಮಾನದ ಆದಿಯಲ್ಲಿ, 1902ರಲ್ಲಿ, ಮೈಸೂರು ಸಂಸ್ಥಾನವು ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಗಣಿಗಳಿಗೆ ಮಾರತೊಡಗಿದಾಗ ಸರ್ಕಾರವೇ ಮಾರುವವ, ವಿದೇಶೀ ಕಂಪನಿ ಕೊಳ್ಳುವವ. ಇಲ್ಲಿ ಪಾತ್ರಗಳು ಅದಲುಬದಲಾಗಿದ್ದುವು. ಯೋಜನೆಗೆ ಸಾಲ ಕೊಡಲು ವಿಶ್ವಬ್ಯಾಂಕು 1993ರಲ್ಲಿಯೇ ಒಪ್ಪಿರಲಿಲ್ಲ. ಪುಣೆಯ ‘ಪ್ರಯಾಸ್’ ಸಂಸ್ಥೆಯವರು 1995ರಲ್ಲಿ ಇದರ ಲೆಕ್ಕಾಚಾರವನ್ನು ಬಿಡಿಸಿ ತೋರಿಸಿದರು. ಅದೇ ವರ್ಷ ಹೊಸ ಸರ್ಕಾರವು ಯೋಜನೆಯನ್ನು ರದ್ದುಪಡಿಸಿ, ಮರುವರ್ಷ ಷರತ್ತುಗಳನ್ನು ತಿದ್ದಿ ಮತ್ತೆ ಒಪ್ಪಿತು. 1999ರ ಮೇ ತಿಂಗಳಲ್ಲಿ ಹೊತ್ತಿದ ದೀಪ 2001ರ ಮೇ ತಿಂಗಳಲ್ಲಿ ಆರಿತು.

ವ್ಯಾಜ್ಯ ಆಗ ಬೇರೊಂದು ಮಾರ್ಗ ಹಿಡಿಯಿತು. ಅಮೆರಿಕದೊಡನೆ ಭಾರತಕ್ಕೆ ಬಂಡವಾಳ ರಕ್ಷಣೆಯ ಒಡಂಬಡಿಕೆ ಇರಲಿಲ್ಲ. ಆದರೆ ಆ ಕಂಪನಿಗಳ ಬಂಡವಾಳ ಮಾರಿಷಸ್ಸಿನ ಮೂಲಕ ಬಂದಿದ್ದಿತು. ಮಾರಿಷಸ್ಸಿನೊಡನೆ 1998ರಲ್ಲಿ ಒಡಂಬಡಿಕೆಯಾಗಿದ್ದಿತು. ಕರಾರಿಗಿಂತ ಐದು ವರ್ಷ ಕಿರಿದಾದ ಈ ಪತ್ರವನ್ನೇ ಹಿಡಿದು ಭಾರತ ಸರ್ಕಾರವನ್ನು ಪಂಚಾಯಿತಿಗೆ ಎಳೆದದ್ದು ವಿಚಾರಾರ್ಹ. ಸಾಲ ಕೊಟ್ಟ ಯುರೋಪಿನ ಬ್ಯಾಂಕುಗಳೂ ತಂತಮ್ಮ ದೇಶಗಳ ಒಡಂಬಡಿಕೆಗಳನ್ನು ಮುಂದಿಟ್ಟುವು. ಯಾವ ನ್ಯಾಯಮಂಡಲವೂ ಒಡಂಬಡಿಕೆಯ ಅರ್ಥವನ್ನು ಕೊನೆಮುಟ್ಟ ವಿವೇಚಿಸುವ ಮೊದಲೇ 2005ರ ಸುಮಾರಿಗೆ ರಾಜಿಯಾಗಿ ಹಣ ಸಂದಾಯವಾಯಿತು. ಆದುದರಿಂದ ಪಾಠ ಕಲಿಯುವ ಅವಕಾಶವೂ ತಪ್ಪಿತು.

ಪಾಠ ಬಂದದ್ದು 2011ರಲ್ಲಿ. ಕಲ್ಲಿದ್ದಲು ಗಣಿಯೊಂದರ ವ್ಯಾಜ್ಯದಲ್ಲಿ ನಮ್ಮ ನ್ಯಾಯಾಲಯಗಳ ವಿಳಂಬಕ್ಕಾಗಿ ಆಸ್ಟ್ರೇಲಿಯದ ವೈಟ್ ಇಂಡಸ್ಟ್ರೀಸ್ ಕಂಪನಿಗೆ ಭಾರತವು ಪರಿಹಾರ ತೆರಬೇಕೆಂದು ತೀರ್ಪಾಯಿತು. 2015ರಲ್ಲಿ ಹೊಸ ಮಾದರಿ ಒಡಂಬಡಿಕೆ ಸಿದ್ಧವಾಯಿತು. ಮುಂದಿನ ಎರಡು ವರ್ಷಗಳಲ್ಲಿ ಐವತ್ತಕ್ಕೂ ಮಿಕ್ಕ ದೇಶಗಳಿಗೆ ಹಳೆಯವನ್ನು ಕೊನೆಗಾಣಿಸುವ ನೋಟೀಸು ಹೋಯಿತು.

ಆದರೆ ನೋಟೀಸಿನಿಂದ ಬಿಡುಗಡೆ ಪೂರ್ಣವಾಗದು. ಒಡಂಬಡಿಕೆ ಮುಗಿದ ಮೇಲೂ ಅದುವರೆಗೆ ಹೂಡಿದ ಬಂಡವಾಳಕ್ಕೆ ಹಲವು ವರ್ಷ ರಕ್ಷಣೆ ಉಳಿಯತಕ್ಕದ್ದೆಂಬ ಕಲಮು ಇವುಗಳಲ್ಲಿದೆ. ಬ್ಯಾಂಕು ವ್ಯವಹಾರ ಬಲ್ಲವರಿಗೆ ಇದು ಅಪರಿಚಿತವಲ್ಲ: 1872ರ ಕರಾರು ಕಾಯಿದೆಯ 130ನೆಯ ಕಲಮಿನಂತೆ ಮುಂದುವರಿಯುವ ಜಾಮೀನನ್ನು ರದ್ದುಮಾಡಬಹುದು, ಆದರೆ ಮುಂದಣ ವ್ಯವಹಾರಗಳ ಮಟ್ಟಿಗೆ ಮಾತ್ರ. ಯುರೋಪಿನಲ್ಲಿ 1994ರ ಎನರ್ಜಿ ಚಾರ್ಟರ್ ಒಡಂಬಡಿಕೆಯಿಂದ ಇಟಲಿಯು 2016ರಲ್ಲಿ ಹೊರಬಂದಿತು. ಮರುವರ್ಷವೇ ರಾಕ್‌ಹಾಪರ್ ಎಂಬ ತೈಲ ಕಂಪನಿಯು ಅದೇ ಒಡಂಬಡಿಕೆಯಂತೆ ಇಟಲಿಯ ಮೇಲೆ ದಾವೆ ಹೂಡಿತು. ಅಲ್ಲಿ ಉಳಿಕೆಯ ಅವಧಿ 20 ವರ್ಷ. ಐರೋಪ್ಯ ಒಕ್ಕೂಟವು 2025ರ ಜೂನಿನಲ್ಲಿ ಹೊರನಡೆದಾಗಲೂ ಹೊರಗಿನ ಸದಸ್ಯ ದೇಶಗಳವರ ಹಳೆಯ ಬಂಡವಾಳದ ಮಟ್ಟಿಗೆ ಇದೇ ತೊಡಕು ಉಳಿಯಿತು.

ಬ್ರಿಟನ್ನಿನೊಡನೆ ಭಾರತದ 1994ರ ಒಡಂಬಡಿಕೆ 2017ರ ಮಾರ್ಚಿನಲ್ಲಿ ಮುಗಿಯಿತು. ಅದರ ಉಳಿಕೆಯ ಅವಧಿ 15 ವರ್ಷ, ಅಂದರೆ 2032ರ ವರೆಗೆ. ವಿದೇಶೀ ಬಂಡವಾಳಗಾರನು ಮೊದಲು ಐದು ವರ್ಷ ಭಾರತದ ನ್ಯಾಯಾಲಯಗಳಲ್ಲಿಯೇ ಪರಿಹಾರ ಅರಸಬೇಕೆಂದು 2015ರ ಮಾದರಿ ವಿಧಿಸಿದ್ದಿತು. ಸಂಯುಕ್ತ ಅರಬ್ ಎಮಿರೇಟುಗಳೊಡನೆ 2024ರಲ್ಲಿ ಜಾರಿಗೆ ಬಂದ ಒಡಂಬಡಿಕೆಯಲ್ಲಿ ಅದು ಆಗಲೇ ಮೂರಕ್ಕೆ ಇಳಿದಿದೆ.