ಇಂಜೆಕ್ಟರ್ ರೇಜರ್

ಬ್ಲೇಡನ್ನು ಕೈಯಿಂದ ಮುಟ್ಟದೆ ಬದಲಿಸಬಹುದಾದ, ಒಂದೇ ಅಲಗಿನ ಕ್ಷೌರ ಸಾಧನ. ಅಮೆರಿಕದ ಸೇನಾಧಿಕಾರಿ ಜೇಕಬ್ ಷಿಕ್ 1920ರ ದಶಕದಲ್ಲಿ ಇದನ್ನು ರೂಪಿಸಿದ. ಮೊದಲ ಮಾದರಿಗಳಲ್ಲಿ ಬ್ಲೇಡುಗಳ ದಾಸ್ತಾನು ಹಿಡಿಯೊಳಗೇ ಇತ್ತು. ಮುಂದೆ ಅದು ಪ್ರತ್ಯೇಕ ಡಬ್ಬಿಯಾಯಿತು. ಡಬ್ಬಿಯ ಚಪ್ಪಟೆ ಕೀಲಿಯನ್ನು ರೇಜರಿನ ತಲೆಯ ಪಕ್ಕದ ಸೀಳಿಗೆ ತೂರಿಸಿ ಗುಂಡಿ ತಳ್ಳಿದರೆ ಹೊಸ ಬ್ಲೇಡು ಒಳಸರಿಯುತ್ತದೆ, ಹಳೆಯದು ಆಚೆ ಬದಿಯಿಂದ ಹೊರಬೀಳುತ್ತದೆ.

ಇಂದು ತಯಾರಾಗುವ ಇಂಜೆಕ್ಟರ್ ಬ್ಲೇಡು ಬಹುತೇಕ ಹಳೆಯ ರೇಜರುಗಳಿಗೆ ಹೊಂದುತ್ತದೆ. ಹಿಡಿಯಲ್ಲೇ ದಾಸ್ತಾನಿದ್ದ ತೀರಾ ಮೊದಲಿನವುಗಳ ಮಾತು ಬೇರೆ. ಬ್ಲೇಡಿನ ದಪ್ಪ ಸುಮಾರು 0.25 ಮಿ.ಮೀ.; ಎರಡಲಗಿನ ಸಾಮಾನ್ಯ ಬ್ಲೇಡಿನದು ಸುಮಾರು 0.1 ಮಿ.ಮೀ. ದಪ್ಪಗಿರುವುದರಿಂದ ಅಲಗು ಬಳುಕದು, ಒರಟು ಗಡ್ಡಕ್ಕೂ ಅದುರದು. ಈ ರೇಜರಿನ ನುಣುಪಾದ ಕ್ಷೌರಕ್ಕೆ ಇದೇ ಮುಖ್ಯ ಕಾರಣ.

ಕ್ಷೌರ ಉರಿ ತಂದರೆ ಬಳಸುವವರು ಬ್ಲೇಡನ್ನೇ ದೂರುವುದುಂಟು. ಹಳೆಯ ರೇಜರಿನಲ್ಲಿ ಮೊದಲು ನೋಡಬೇಕಾದ್ದು ಬ್ಲೇಡನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಪಟ್ಟಿಯನ್ನು. ಅದರಡಿ ಸೋಪಿನ ಜಿಡ್ಡು ಗಟ್ಟಿಯಾಗಿದ್ದರೆ ಅಲಗು ಓರೆಯಾಗಿ ಕೂತು, ಹೆಚ್ಚು ಚಾಚಿದ ತುದಿಯಲ್ಲೇ ಚರ್ಮ ಗೀರುತ್ತದೆ. ಬಿಸಿನೀರಿನಲ್ಲಿ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಜಿಡ್ಡು ಬಿಡುತ್ತದೆ. ಸ್ಪ್ರಿಂಗಿನ ಬಿಗಿಯೇ ಹೋಗಿದ್ದರೆ ಎಂಥ ಒಳ್ಳೆಯ ಬ್ಲೇಡು ಹಾಕಿದರೂ ಪ್ರಯೋಜನವಿಲ್ಲ.